ದೂಳು ತೆಗೆದ ಮೇಲೆ ಪ್ರೊಸೆಸರ್ ಇನ್ನಷ್ಟು ಬಿಸಿಯಾದರೆ

ಫ್ಯಾನಿನ ಸದ್ದು ವಿಪರೀತವಾಗಿದೆ, ಕಂಪ್ಯೂಟರ್ ಆಗಾಗ ತಾನಾಗಿಯೇ ನಿಂತುಹೋಗುತ್ತಿದೆ ಎಂದು ಕ್ಯಾಬಿನೆಟ್ ಬಿಚ್ಚುತ್ತೀರಿ. ಪ್ರೊಸೆಸರ್ ಮೇಲಿನ ಲೋಹದ ಹೀಟ್‌ಸಿಂಕ್ ಕಳಚಿ, ಅದರ ಸಂದುಗಳಲ್ಲಿ ಹೆಪ್ಪುಗಟ್ಟಿದ್ದ ದೂಳನ್ನೆಲ್ಲ ತೆಗೆದು, ಬ್ರಷ್ ಆಡಿಸಿ, ಮತ್ತೆ ಕೂರಿಸಿ ಆನ್ ಮಾಡುತ್ತೀರಿ. ಮೊದಲು 80 ಡಿಗ್ರಿ ತೋರಿಸುತ್ತಿದ್ದ ಪ್ರೊಸೆಸರ್ ಈಗ 100 ಮುಟ್ಟುತ್ತದೆ. ಡಿಟಿಪಿ ಅಂಗಡಿಗಳಲ್ಲಿ, ಸೈಬರ್ ಸೆಂಟರುಗಳಲ್ಲಿ, ಮಕ್ಕಳ ಓದಿಗೆಂದು ಹಳೆಯ ಯಂತ್ರ ಇಟ್ಟುಕೊಂಡ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಈ ಹಂತಕ್ಕೆ ಬಂದವರು ಪ್ರೊಸೆಸರ್ ಸುಟ್ಟಿತು, ಇಲ್ಲವೇ ಬೋರ್ಡ್ ಹೋಯಿತು ಎಂದುಕೊಂಡು ಹೊಸದಕ್ಕೆ ದುಡ್ಡು ಹೊಂದಿಸತೊಡಗುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ಶುಚಿ ಮಾಡಿದ ಮೇಲೆ ಬಿಸಿ ಏರಿದೆ ಎಂದರೆ ತೊಂದರೆ ಇರುವುದು ಬಹುತೇಕ ಒಂದೇ ಕಡೆ: ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ಒಂದನ್ನೊಂದು ಮುಟ್ಟುವ ಜಾಗದಲ್ಲಿ. ಅದನ್ನು ಸರಿಪಡಿಸಲು ಬೇಕಾದದ್ದು ಒಂದು ಟ್ಯೂಬ್ ಥರ್ಮಲ್ ಪೇಸ್ಟ್ ಮತ್ತು ಅರ್ಧ ಗಂಟೆಯ ತಾಳ್ಮೆ.

ಪ್ರೊಸೆಸರ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ ಎಂಬ ಧೈರ್ಯ ಮೊದಲು ಇರಲಿ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ತಾಣದವರು ಓಡುತ್ತಿರುವ ಕಂಪ್ಯೂಟರಿನಿಂದಲೇ ಹೀಟ್‌ಸಿಂಕ್ ಕಿತ್ತು ನೋಡಿದ್ದರು. ಇಂಟೆಲ್‌ನ ಪೆಂಟಿಯಂ 4 ತನ್ನ ವೇಗ ತಗ್ಗಿಸಿಕೊಂಡು ಓಡುತ್ತಲೇ ಇತ್ತು. ಆ ಕಾಲದ ಎಎಂಡಿ ಅಥ್ಲಾನ್ ಮಾತ್ರ ಹೊಗೆಯೆದ್ದು ಸುಟ್ಟುಹೋಯಿತು. ಈಗಿನ ಎರಡೂ ಕಂಪನಿಗಳ ಪ್ರೊಸೆಸರ್‌ಗಳು ತಮ್ಮನ್ನು ತಾವು ಕಾಪಾಡಿಕೊಳ್ಳುತ್ತವೆ. ಮಿತಿ ಮುಟ್ಟಿದರೆ ಮೊದಲು ನಿಧಾನವಾಗುತ್ತವೆ, ಅದಕ್ಕೂ ಜಗ್ಗದಿದ್ದರೆ ವಿದ್ಯುತ್ತನ್ನೇ ಕಡಿಯುತ್ತವೆ. ನಿಮ್ಮ ಯಂತ್ರ ತಟ್ಟನೆ ಆಫ್ ಆಗುತ್ತಿದ್ದರೆ ಆ ಕಾವಲು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹಾಗೆಂದು ಹೀಟ್‌ಸಿಂಕ್ ಇಲ್ಲದೆ ಒಂದು ಕ್ಷಣ ಆನ್ ಮಾಡಿ ನೋಡುವ ಪ್ರಯೋಗ ಖಂಡಿತ ಬೇಡ.

ಎಷ್ಟು ಬಿಸಿ ಎಂದರೆ ಹೆಚ್ಚು?

ಅಳೆಯದೆ ಏನನ್ನೂ ಬಿಚ್ಚಬಾರದು. ಕೋರ್ ಟೆಂಪ್, ಎಚ್‌ಡಬ್ಲ್ಯು ಇನ್ಫೊ ಎಂಬ ತಂತ್ರಾಂಶಗಳನ್ನು ಮನೆಬಳಕೆಗೆ ದುಡ್ಡು ಕೊಡದೆ ಹಾಕಿಕೊಳ್ಳಬಹುದು. 30 ಡಿಗ್ರಿ ಸೆಕೆಯ ಕೋಣೆಯಲ್ಲಿ ಸುಮ್ಮನೆ ಕುಳಿತ ಕಂಪ್ಯೂಟರ್ 40ರಿಂದ 50 ಡಿಗ್ರಿ ತೋರಿಸಿದರೆ ಸರಿಯಾಗಿದೆ. ವಿಡಿಯೊ ಎಡಿಟಿಂಗ್, ಆಟ ಅಥವಾ ದೊಡ್ಡ ಫೈಲುಗಳ ಕೆಲಸದಲ್ಲಿ 70ರಿಂದ 85ರವರೆಗೆ ಏರಿದರೂ ಆತಂಕವಿಲ್ಲ. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಗಡಿ. 2022ರಲ್ಲಿ ಬಂದ ರೈಜನ್ 7000 ಸರಣಿಗೆ 95. ಈ ರೈಜನ್ ಸರಣಿಯ ಶಕ್ತಿಶಾಲಿ ಮಾದರಿಗಳು ಭಾರಿ ಕೆಲಸ ಸಿಕ್ಕಾಗ ಬೇಕೆಂದೇ 95ರವರೆಗೆ ಹೋಗಿ ಅಲ್ಲೇ ನಿಲ್ಲುವಂತೆ ಎಎಂಡಿ ರೂಪಿಸಿದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. 2017ರ ರೈಜನ್ 1700 ಎಕ್ಸ್ ಮತ್ತು 1800 ಎಕ್ಸ್ ಇರುವವರು ಇನ್ನೊಂದು ಸಂಗತಿ ಗಮನಿಸಬೇಕು. ಫ್ಯಾನ್ ನಿಯಂತ್ರಣದ ಅನುಕೂಲಕ್ಕಾಗಿ ಅವು ನಿಜವಾದ ತಾಪಕ್ಕೆ 20 ಡಿಗ್ರಿ ಸೇರಿಸಿಯೇ ವರದಿ ಮಾಡುತ್ತವೆ, ಆ 20ನ್ನು ಕಳೆಯದ ತಂತ್ರಾಂಶಗಳೂ ಇವೆ.

ಬಯಾಸ್ ಪರದೆಯ ಅಂಕಿಯನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರಬೇಡಿ. ಅಲ್ಲಿ ಪ್ರೊಸೆಸರ್‌ಗೆ ವಿಂಡೋಸ್‌ನಲ್ಲಿ ಸಿಗುವಂಥ ವಿಶ್ರಾಂತಿ ಇರುವುದಿಲ್ಲ, ಹಾಗಾಗಿ ಐದಾರು ಡಿಗ್ರಿ ಹೆಚ್ಚೇ ಕಾಣುತ್ತದೆ. ಕೋಣೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫ್ಯಾನ್ ಎಷ್ಟೇ ಜೋರಾಗಿ ತಿರುಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಡಿಸೆಂಬರಿನ ಮಡಿಕೇರಿಯಲ್ಲಿ 70 ತೋರಿಸುವ ಯಂತ್ರವೇ ಮೇ ತಿಂಗಳ ಕಲಬುರಗಿ, ರಾಯಚೂರಿನ 40 ಡಿಗ್ರಿ ಬಿಸಿಲಲ್ಲಿ 90ರ ಹತ್ತಿರ ಹೋಗುವುದು ಸಹಜ.

ಬಿಸಿ ಏರುವ ವೇಗ ನೋಡಿ

ಎಲ್ಲಿ ತಪ್ಪಿದೆ ಎಂದು ತಿಳಿಯಲು ಅಂಕಿಗಿಂತ ಅದು ಏರುವ ವೇಗ ಹೆಚ್ಚು ಸಹಾಯ ಮಾಡುತ್ತದೆ. ಸಿನೆಬೆಂಚ್‌ನಂಥ ಪರೀಕ್ಷಾ ತಂತ್ರಾಂಶ ಹಚ್ಚಿ, ತಾಪದ ಅಂಕಿಯನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ. ಪರೀಕ್ಷೆ ಶುರುವಾದ ಎರಡು ಮೂರು ಸೆಕೆಂಡಿನಲ್ಲೇ 45ರಿಂದ 95ಕ್ಕೆ ಹಾರಿದರೆ, ನಿಲ್ಲಿಸಿದ ಕೂಡಲೇ ಅಷ್ಟೇ ವೇಗದಲ್ಲಿ ಇಳಿದರೆ, ಶಾಖ ಹೀಟ್‌ಸಿಂಕನ್ನು ತಲುಪುತ್ತಲೇ ಇಲ್ಲ. ಪೇಸ್ಟ್ ಇಲ್ಲ, ಒಣಗಿದೆ ಅಥವಾ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದಿದೆ. ಹಾಗಲ್ಲದೆ ಹತ್ತು ಹದಿನೈದು ನಿಮಿಷ ಹಿಡಿದು ಮೆಲ್ಲಗೆ 60, 70, 80 ಎಂದು ಏರುತ್ತ ಹೋದರೆ ಶಾಖ ಲೋಹಕ್ಕೆ ದಾಟಿದೆ, ಅಲ್ಲಿಂದ ಹೊರಗೆ ಹೋಗುತ್ತಿಲ್ಲ. ಆಗ ನೋಡಬೇಕಾದ್ದು ಫ್ಯಾನನ್ನು, ಕ್ಯಾಬಿನೆಟ್ಟಿನ ಗಾಳಿಯನ್ನು.

ಇದನ್ನು ಕೈಯಿಂದಲೂ ಖಚಿತಪಡಿಸಿಕೊಳ್ಳಬಹುದು. ಪರದೆ 95 ಎನ್ನುತ್ತಿರುವಾಗಲೇ ಯಂತ್ರ ಆಫ್ ಮಾಡಿ, ಪ್ಲಗ್ ತೆಗೆದು, ಹೀಟ್‌ಸಿಂಕಿನ ಬುಡದ ಲೋಹಕ್ಕೆ ಬೆರಳು ತಾಗಿಸಿ. ಅದು ತಣ್ಣಗಿದ್ದರೆ ಸಂಪರ್ಕ ತಪ್ಪಿದೆ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಸಂಪರ್ಕ ಚೆನ್ನಾಗಿದೆ, ಗಾಳಿ ಸಾಲದು. ಇಷ್ಟು ಗೊತ್ತಾದರೆ ಮುಂದಿನ ಕೆಲಸ ಅರ್ಧ ಮುಗಿದಂತೆ. ದುರಸ್ತಿಗೆ ಕೈ ಹಾಕುವ ಪ್ರತಿಯೊಬ್ಬರೂ ಮೊದಲು ಕಲಿಯಬೇಕಾದ ಪರೀಕ್ಷೆ ಇದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇದನ್ನು ಬಿಟ್ಟು ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸುತ್ತ ಹೋದರೆ ದುಡ್ಡಷ್ಟೇ ಕರಗುತ್ತದೆ.

ಹಳೆಯ ಪೇಸ್ಟಿನ ಮೇಲೆ ಮತ್ತೆ ಕೂರಿಸಬಾರದು

ಪ್ರೊಸೆಸರ್‌ನ ಲೋಹದ ಮುಚ್ಚಳವೂ ಹೀಟ್‌ಸಿಂಕಿನ ತಳವೂ ಕಣ್ಣಿಗೆ ನುಣುಪು. ಆದರೆ ಎರಡರಲ್ಲೂ ಸೂಕ್ಷ್ಮವಾದ ಏರುತಗ್ಗುಗಳಿವೆ. ಒಂದರ ಮೇಲೊಂದು ಇಟ್ಟಾಗ ನಡುವೆ ಗಾಳಿ ಉಳಿಯುತ್ತದೆ. ಶಾಖವನ್ನು ದಾಟಿಸುವ ಶಕ್ತಿಯಲ್ಲಿ ತಾಮ್ರದ ಅಳತೆ ಸುಮಾರು 400, ಅಲ್ಯೂಮಿನಿಯಂನದು 230ರ ಆಸುಪಾಸು. ಗಾಳಿಯದು ಬರೀ 0.026. ಪೇಸ್ಟಿನದು ಸಾಮಾನ್ಯವಾಗಿ 5ರಿಂದ 10ರೊಳಗೆ. ಈ ಅಂಕಿಗಳಲ್ಲೇ ಪೇಸ್ಟ್ ಹಚ್ಚುವ ಕ್ರಮವೆಲ್ಲ ಅಡಗಿದೆ. ಗಾಳಿಗಿಂತ ನೂರಾರು ಪಟ್ಟು ಮೇಲು, ಆದ್ದರಿಂದ ಪೇಸ್ಟ್ ಇರಲೇಬೇಕು. ಲೋಹಕ್ಕಿಂತ ಬಹಳ ಕೀಳು, ಆದ್ದರಿಂದ ಅದರ ಪದರ ಆದಷ್ಟೂ ತೆಳ್ಳಗಿರಬೇಕು.

ಹೀಟ್‌ಸಿಂಕ್ ಎತ್ತಿದ ಕ್ಷಣದಲ್ಲೇ ಹಳೆಯ ಪೇಸ್ಟ್ ಹರಿದು, ಅರ್ಧ ಇಲ್ಲಿ ಅರ್ಧ ಅಲ್ಲಿ ಅಂಟಿಕೊಳ್ಳುತ್ತದೆ. ಅದನ್ನೇ ಮತ್ತೆ ಒತ್ತಿ ಕೂರಿಸಿದರೆ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ವರ್ಷಗಟ್ಟಲೆ ಕಾದು ಗಟ್ಟಿಯಾದ ಪೇಸ್ಟ್ ಆಗಿದ್ದರಂತೂ ಅದು ಮತ್ತೆ ಹರಡುವುದೇ ಇಲ್ಲ. ಶುಚಿ ಮಾಡಿದ ಮೇಲೆ ಬಿಸಿ ಏರಿದ ಪ್ರಕರಣಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ. ಹೀಟ್‌ಸಿಂಕ್ ಮತ್ತು ಫ್ಯಾನ್ ಸೇರಿದ ಕೂಲರಿನ ತಳಕ್ಕೆ ಕಂಪನಿಯೇ ಹಚ್ಚಿ ಕಳಿಸುವ ಬೂದುಬಣ್ಣದ ಪೇಸ್ಟೂ ಒಂದು ಸಲಕ್ಕೆ ಮಾತ್ರ.

ಹೊಸ ಪೇಸ್ಟ್ ಹಚ್ಚುವ ಮೊದಲು ಎರಡೂ ಮುಖಗಳನ್ನು ಪೂರ್ತಿ ಒರೆಸಬೇಕು. ಇದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್, ಅಂದರೆ ಮೊಬೈಲ್ ರಿಪೇರಿಯವರು ಐಪಿಎ ಎನ್ನುವ ದ್ರವ ಬೇಕು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದೇ ಇದೆ. ಶೇಕಡ 99ರದ್ದು ಸಿಕ್ಕರೆ ಒಳ್ಳೆಯದು, 90ಕ್ಕಿಂತ ಕಡಿಮೆಯದು ಬೇಡ. ಕೊರೊನಾ ಕಾಲದಲ್ಲಿ ತಂದಿಟ್ಟ ಸ್ಯಾನಿಟೈಸರ್ ಬಳಸುವವರಿದ್ದಾರೆ. ಅದರಲ್ಲಿ ನೀರೂ ಗ್ಲಿಸರಿನ್ನೂ ಬೆರೆತಿರುತ್ತವೆ, ಒರೆಸಿದ ಜಾಗದಲ್ಲಿ ಜಿಡ್ಡು ಉಳಿಯುತ್ತದೆ. ಉಗುರು ಬಣ್ಣ ತೆಗೆಯುವ ದ್ರವ, ಟರ್ಪೆಂಟೈನ್, ಪೆಟ್ರೋಲು ಯಾವುದೂ ಬೇಡ. ಎಳೆ ಬಿಡದ ಬಟ್ಟೆಯ ತುಂಡನ್ನು ಐಪಿಎಯಲ್ಲಿ ತುಸು ನೆನೆಸಿ, ಗಟ್ಟಿಯಾದ ಪೇಸ್ಟಿನ ಮೇಲೆ ಒಂದು ನಿಮಿಷ ಹಾಗೇ ಇಟ್ಟು ಆಮೇಲೆ ಒರೆಸಿದರೆ ಸಲೀಸಾಗಿ ಬರುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬಾರದು. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಕೈಯ ಎಣ್ಣೆಯಂಶವೂ ಅಡ್ಡಿಯೇ.

ಪೇಸ್ಟ್ ಎಷ್ಟು ಹಾಕಬೇಕು? ಚೌಕಾಕಾರದ ಸಾಮಾನ್ಯ ಪ್ರೊಸೆಸರ್ ಆದರೆ ನಟ್ಟನಡುವೆ ಒಂದು ತೊಗರಿಬೇಳೆಯಷ್ಟು ಗಾತ್ರದ ಬೊಟ್ಟು ಸಾಕು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನ ಉದ್ದನೆಯ ಪ್ರೊಸೆಸರ್‌ಗಳಿಗೆ ನಡುವೆ ಒಂದು ಗೆರೆ ಎಳೆಯುವುದು ಅಥವಾ ಇನ್ನೂ ನಾಲ್ಕು ಸಣ್ಣ ಬೊಟ್ಟು ಸೇರಿಸುವುದು ಒಳ್ಳೆಯದು. ಹೀಟ್‌ಸಿಂಕಿನ ಒತ್ತಡಕ್ಕೆ ಅದು ತಾನೇ ಹರಡುತ್ತದೆ. ಸ್ವಲ್ಪ ಹೆಚ್ಚಾಗಿ ಅಂಚಿಗೆ ಬಂದರೆ ದೊಡ್ಡ ಅಪಾಯವೇನೂ ಇಲ್ಲ, ಮಾಮೂಲಿ ಪೇಸ್ಟ್ ವಿದ್ಯುತ್ ಹರಿಸುವುದಿಲ್ಲ. ತೀರಾ ಕಡಿಮೆಯಾದರೆ ಮಾತ್ರ ಒಂದು ಮೂಲೆ ಒಣಗಿ ಉಳಿದು ಒಂದೆರಡು ಕೋರ್‌ಗಳು ಕುದಿಯುತ್ತವೆ. ಲಿಕ್ವಿಡ್ ಮೆಟಲ್ ಎಂದು ಮಾರುವ ದ್ರವಲೋಹದ ಆಸೆಗೆ ಬೀಳಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಬೋರ್ಡಿನ ಮೇಲೆ ಹನಿ ಬಿದ್ದರೆ ಶಾರ್ಟ್ ಆಗುತ್ತದೆ.

ಅಂದಹಾಗೆ, ಹೊಸ ಕೂಲರ್ ತಂದು ಹಾಕಿದವರು ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ಎಂದು ಇನ್ನೊಮ್ಮೆ ನೋಡಿ. ಅದು ಕಣ್ಣಿಗೆ ಬೀಳುವುದೇ ಇಲ್ಲ.

ನಾಲ್ಕು ಪಿನ್ನು, ನಾಲ್ಕು ಸ್ಕ್ರೂ

ಪೇಸ್ಟ್ ಸರಿಯಿದ್ದೂ ಬಿಸಿ ಇಳಿಯದಿದ್ದರೆ ಹೀಟ್‌ಸಿಂಕ್ ನೆಟ್ಟಗೆ ಕೂತಿಲ್ಲ. ಇಂಟೆಲ್ ತನ್ನ ಪ್ರೊಸೆಸರ್ ಜೊತೆ ಕೊಡುವ ದುಂಡನೆಯ ಕೂಲರಿಗೆ 2004ರ ಎಲ್‌ಜಿಎ 775 ಕಾಲದಿಂದಲೂ ನಾಲ್ಕು ಪ್ಲಾಸ್ಟಿಕ್ ಒತ್ತುಪಿನ್ನುಗಳಿವೆ. ಜನರನ್ನು ಅತಿ ಹೆಚ್ಚು ಗೋಳಾಡಿಸುವ ಭಾಗ ಇದೇ. ಪಿನ್ನಿನ ತಲೆಯಲ್ಲಿ ಬಾಣದ ಗುರುತಿದೆ. ಆ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆದರೆ ಪಿನ್ ಬಿಡುತ್ತದೆ. ಮತ್ತೆ ಕೂರಿಸುವ ಮೊದಲು ಅದನ್ನು ಬಾಣಕ್ಕೆ ವಿರುದ್ಧವಾಗಿ ತಿರುಗಿಸಿ ಮೊದಲಿನ ಸ್ಥಾನಕ್ಕೆ ತಂದು, ತಲೆಯನ್ನು ಪೂರ್ತಿ ಮೇಲೆತ್ತಿರಬೇಕು. ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ. ಹಾಗೆ ಬಿಟ್ಟರೆ ಪಿನ್ ಒಳಗೆ ಹೋದಂತೆ ಕಾಣುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

ಕ್ಯಾಬಿನೆಟ್ಟನ್ನು ಮಲಗಿಸಿಟ್ಟುಕೊಂಡೇ ಈ ಕೆಲಸ ಮಾಡಿ. ನಿಲ್ಲಿಸಿಟ್ಟರೆ ಕೂಲರಿನ ಭಾರಕ್ಕೆ ಕೆಳಗಿನ ಪಿನ್ನುಗಳು ಓರೆಯಾಗುತ್ತವೆ. ನಾಲ್ಕೂ ಕಾಲುಗಳನ್ನು ರಂಧ್ರಗಳಿಗೆ ನೇರವಾಗಿ ಇಳಿಸಿ, ಎದುರುಬದುರು ಮೂಲೆಯ ಎರಡನ್ನು ಒಟ್ಟಿಗೆ ಒತ್ತಿ. ಕ್ಲಿಕ್ ಎಂಬ ಸದ್ದು ಕೇಳಬೇಕು. ಆಮೇಲೆ ಉಳಿದೆರಡು. ಒಂದೇ ಪಕ್ಕದ ಎರಡನ್ನು ಮೊದಲು ಒತ್ತಿದರೆ ಇನ್ನೊಂದು ಪಕ್ಕ ಏಳುತ್ತದೆ. ಸದ್ದು ಕೇಳಿತೆಂದು ಬಿಟ್ಟುಬಿಡದೆ ಬೋರ್ಡಿನ ಹಿಂಭಾಗವನ್ನು ನೋಡಿ. ಸೀಳಿದ ಬಿಳಿ ಕಾಲುಗಳು ನಾಲ್ಕೂ ಕಡೆ ಅಗಲವಾಗಿ ತೆರೆದುಕೊಂಡು, ನಡುವೆ ಕಪ್ಪು ಕಡ್ಡಿ ಇಳಿದಿರಬೇಕು. ಹಳೆಯ ಪಿನ್ನುಗಳು ಶಾಖಕ್ಕೆ ಪೆಡಸಾಗಿ ಮುರಿಯುತ್ತವೆ. ಒಂದೇ ಒಂದು ಮುರಿದರೂ ಹೀಟ್‌ಸಿಂಕ್ ಓರೆಯಾಗುತ್ತದೆ. ಅಂಥ ಕಡೆ ರಬ್ಬರ್ ಬ್ಯಾಂಡು, ತಂತಿ ಕಟ್ಟಬೇಡಿ. ಪಿನ್ನುಗಳ ಸೆಟ್ಟೇ ಬೇರೆಯಾಗಿ ಸಿಗುತ್ತದೆ. ಬೇರೆ ಯಂತ್ರದ ಕೂಲರ್ ತಂದು ಹಾಕುವವರು ರಂಧ್ರಗಳ ಅಂತರವನ್ನೂ ಗಮನಿಸಬೇಕು: ಎಲ್‌ಜಿಎ 775ಕ್ಕೆ 72 ಮಿಲಿಮೀಟರ್, 1156ರಿಂದ 1200ರವರೆಗಿನ ಸಾಕೆಟ್ಟುಗಳಿಗೆ 75, 1700ಕ್ಕೆ 78. ಮೂರು ಮಿಲಿಮೀಟರ್ ತಾನೇ ಎಂದು ಬಲವಂತವಾಗಿ ಕೂರಿಸಿದರೆ ಬೋರ್ಡೇ ಬಾಗುತ್ತದೆ.

ಎಎಂಡಿಯ ಚಿಕ್ಕ ಕೂಲರಿನಲ್ಲಿ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳಿವೆ. ಯಾವುದನ್ನೂ ಒಂದೇ ಸಲಕ್ಕೆ ಪೂರ್ತಿ ಬಿಗಿಯಬೇಡಿ. ಒಂದಕ್ಕೆ ಎರಡು ಸುತ್ತು, ಅದರ ಎದುರು ಮೂಲೆಯದಕ್ಕೆ ಎರಡು ಸುತ್ತು, ಹೀಗೆ ಸರದಿಯಲ್ಲಿ ಬಿಗಿಯುತ್ತ ಬನ್ನಿ. ಸ್ಕ್ರೂ ಬಿಚ್ಚಿದಾಗ ಬೋರ್ಡಿನ ಹಿಂದಿನ ಲೋಹದ ತಟ್ಟೆ ಕಳಚಿ ಬೀಳುವುದುಂಟು, ಅದನ್ನು ಒಂದು ಕೈಯಲ್ಲಿ ಹಿಡಿದಿರಿ. ಎಎಂ4 ಸಾಕೆಟ್ಟಿನವರಿಗೆ ಇನ್ನೂ ಒಂದು ಎಚ್ಚರಿಕೆ. ಅಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ನಲ್ಲೇ. ಪೇಸ್ಟ್ ಗಟ್ಟಿಯಾಗಿ ಅಂಟಿದ್ದರೆ ಕೂಲರ್ ಎತ್ತುವಾಗ ಪ್ರೊಸೆಸರ್ ಕೂಡ ಕಿತ್ತುಬಂದು ಪಿನ್ನುಗಳು ಬಾಗುತ್ತವೆ. ಬಿಚ್ಚುವ ಮೊದಲು ಹತ್ತು ನಿಮಿಷ ಯಂತ್ರ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಮೇಲೆ ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ತುಸು ತಿರುಚಿ ಸಡಿಲಿಸಿಯೇ ಎತ್ತಿ.

ಗಾಳಿಯ ದಾರಿ

ಬಿಸಿ ನಿಧಾನವಾಗಿ ಏರುವ ಯಂತ್ರದವರು ನೋಡಬೇಕಾದ್ದು ಇದು. ಫ್ಯಾನಿನ ತಂತಿ ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಎಂದು ಬರೆದ ಜಾಗದಲ್ಲೇ ಇದೆಯೇ? ಕ್ಯಾಬಿನೆಟ್ ಫ್ಯಾನಿನ ಜಾಗಕ್ಕೆ ಹೋಗಿದ್ದರೆ ಫ್ಯಾನ್ ತಿರುಗುತ್ತದೆ, ಆದರೆ ಪ್ರೊಸೆಸರ್ ಬಿಸಿಗೆ ತಕ್ಕಂತೆ ವೇಗ ಏರುವುದಿಲ್ಲ. ಆನ್ ಮಾಡಿದಾಗ ಫ್ಯಾನ್ ಎರರ್ ಎಂಬ ಸೂಚನೆ ಬಂದರೂ ಕಾರಣ ಇದೇ ಇರಬಹುದು. ಜೋಡಿಸುವ ಭರದಲ್ಲಿ ಯಾವುದೋ ತಂತಿ ರೆಕ್ಕೆಗೆ ಅಡ್ಡವಾಗಿದ್ದರೆ ಫ್ಯಾನ್ ತಿರುಗುವುದೇ ಇಲ್ಲ. ಫ್ಯಾನ್ ತಿರುವುಮುರುವಾಗಿ ಕೂತಿದೆಯೇ ಎಂದೂ ನೋಡಿ. ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ, ಆ ಬದಿ ಹೀಟ್‌ಸಿಂಕಿನ ಕಡೆಗಿರಬೇಕು.

ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಓಡಿಸಿದಾಗ ಹತ್ತು ಡಿಗ್ರಿ ಇಳಿದರೆ ಕೂಲರಿನದಲ್ಲ, ಕ್ಯಾಬಿನೆಟ್ಟಿನ ದೋಷ. ನಮ್ಮ ಕಂಪ್ಯೂಟರ್ ಮೇಜುಗಳಲ್ಲಿ ಕ್ಯಾಬಿನೆಟ್ಟಿಗೆಂದೇ ಮೂರು ಕಡೆ ಮುಚ್ಚಿದ ಗೂಡು ಇರುತ್ತದೆ. ಅದರೊಳಗೆ, ಬೆನ್ನು ಗೋಡೆಗೆ ತಾಗುವಂತೆ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಬೇರೆ. ಬಿಸಿಗಾಳಿ ಅಲ್ಲೇ ಸುತ್ತುತ್ತ ಮತ್ತೆ ಒಳಗೆ ಹೋಗುತ್ತದೆ. ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗಿಟ್ಟು ಗೋಡೆಯಿಂದ ಒಂದು ಗೇಣು ದೂರ ಸರಿಸಿದರೆ ಒಂದು ರೂಪಾಯಿ ಖರ್ಚಿಲ್ಲದೆ ವ್ಯತ್ಯಾಸ ಕಾಣುತ್ತದೆ.

ದೂಳು ತೆಗೆಯುವ ಕ್ರಮದಲ್ಲೇ ಹಾನಿ ಆಗಿರುವುದೂ ಉಂಟು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸುವ ರೂಢಿ ಊರೂರಲ್ಲಿದೆ. ಆ ಟ್ಯಾಂಕಿನಲ್ಲಿ ನೀರಿನ ಪಸೆ, ಎಣ್ಣೆ ಇರುತ್ತವೆ, ಅವೆಲ್ಲ ಬೋರ್ಡಿಗೆ ಸಿಡಿಯುತ್ತವೆ. ಕೈಯಲ್ಲಿ ಹಿಡಿಯುವ ಬ್ಲೋವರ್ ಸಾಕು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ. ಫ್ಯಾನ್ ಬಿಚ್ಚಿಟ್ಟು ಹೀಟ್‌ಸಿಂಕನ್ನು ಮಾತ್ರ ಸಾಬೂನು ನೀರಲ್ಲಿ ತೊಳೆಯಬಹುದು, ಆದರೆ ಒಂದಿಡೀ ದಿನ ಒಣಗಬೇಕು. ಇಷ್ಟೆಲ್ಲ ಮಾಡುವ ಮೊದಲು ಪ್ಲಗ್ ತೆಗೆದು, ಪವರ್ ಬಟನ್ನನ್ನು ನಾಲ್ಕೈದು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ.

ಶುಚಿ ಮಾಡುವಾಗ ಬೋರ್ಡಿನ ಬಿಲ್ಲೆ ಬ್ಯಾಟರಿಯನ್ನೂ ತೆಗೆದಿದ್ದರೆ ಬಯಾಸ್ ಸೆಟ್ಟಿಂಗುಗಳು ಮೂಲಸ್ಥಿತಿಗೆ ಮರಳಿರುತ್ತವೆ. ತಾರೀಖು ಹಿಂದಕ್ಕೆ ಹೋಗಿದ್ದರೆ ಅದೇ ಸುಳಿವು. ಫ್ಯಾನ್ ಸೈಲೆಂಟ್ ಎಂದಿದ್ದರೆ ಸ್ಟ್ಯಾಂಡರ್ಡ್‌ಗೆ ಬದಲಿಸಿ. ಟಾಸ್ಕ್ ಮ್ಯಾನೇಜರ್ ತೆರೆದು, ನೀವೇನೂ ಮಾಡದಿದ್ದಾಗಲೂ ಪ್ರೊಸೆಸರ್ ಬಳಕೆ ಶೇಕಡ 50, 60 ಇದೆಯೇ ನೋಡಿ. ಇದ್ದರೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿರಬಹುದು. ಕದ್ದು ಹಾಕಿದ ತಂತ್ರಾಂಶದ ಜೊತೆ ಬಂದ ಕ್ರಿಪ್ಟೊ ಗಣಿಗಾರಿಕೆಯ ವೈರಸ್ಸೂ ಇರಬಹುದು.

ಎಲ್ಲವೂ ಸರಿಯಿದ್ದರೂ ಬಿಸಿ ಇಳಿಯದ ಒಂದು ಬಗೆಯ ಯಂತ್ರಗಳಿವೆ. 2015ರ ಸ್ಕೈಲೇಕ್ ಪೀಳಿಗೆಯಿಂದ ಇಂಟೆಲ್ ತನ್ನ ಕೆ ಅಕ್ಷರದ ಪ್ರೊಸೆಸರ್‌ಗಳ ಜೊತೆ ಕೂಲರ್ ಕೊಡುವುದನ್ನು ಬಿಟ್ಟಿದೆ. ಐ9 12900 ಕೆ ಪೂರ್ತಿ ದುಡಿಯುವಾಗ 241 ವ್ಯಾಟ್‌ವರೆಗೆ ಎಳೆಯುತ್ತದೆ. ಅದಕ್ಕೆ 65 ವ್ಯಾಟ್‌ನ ಸಣ್ಣ ಕೂಲರ್ ಹಾಕಿ ಪೇಸ್ಟ್ ಬದಲಿಸುತ್ತ ಕೂತರೆ ಪ್ರಯೋಜನವಿಲ್ಲ, ದೊಡ್ಡ ಕೂಲರೇ ಬೇಕು.

ಲ್ಯಾಪ್‌ಟಾಪ್ ಆದರೆ

ತತ್ವ ಅದೇ, ಕೈ ಮಾತ್ರ ಇನ್ನೂ ಹಗುರವಾಗಿರಬೇಕು. ತಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಅದನ್ನು ಒತ್ತದೆ, ಚುಚ್ಚದೆ ಸರ್ವಿಸ್‌ನವರ ಕೈಗೆ ಕೊಡಿ. ದೂಳು ಸಾಮಾನ್ಯವಾಗಿ ಫ್ಯಾನಿಗೂ ತೆಳು ಲೋಹದ ಹಾಳೆಗಳಿಗೂ ನಡುವೆ ಪದರವಾಗಿ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಒಳಕ್ಕೇ ಸೇರುತ್ತದೆ, ಫ್ಯಾನ್ ಬಿಚ್ಚಿಯೇ ತೆಗೆಯಬೇಕು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚಾಗಿದ್ದರೆ ಆ ಕ್ರಮದಲ್ಲೇ ಬಿಗಿಯಿರಿ, ಬಿಚ್ಚುವಾಗ ಅದರ ಹಿಮ್ಮುಖ ಕ್ರಮ. ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಲೋಹದ ಮುಚ್ಚಳವಿಲ್ಲ, ಹೊಳೆಯುವ ಸಿಲಿಕಾನ್ ಚಿಪ್ಪೇ ನೇರವಾಗಿ ಕಾಣುತ್ತದೆ. ಅದರ ಮೂಲೆ ಬೇಗ ಚಕ್ಕೆ ಏಳುತ್ತದೆ. ಇಲ್ಲಿ ಪೇಸ್ಟ್ ಚಿಪ್ಪಿನ ಅಂಚಿನವರೆಗೂ ಮುಚ್ಚುವಂತೆ ತೆಳ್ಳಗೆ ಹರಡಬೇಕು.

ಪಕ್ಕದ ಚಿಪ್ಪುಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳನ್ನು ಹರಿಯದಂತೆ ಎತ್ತಿಡಿ. ಹರಿದರೆ ಅದೇ ದಪ್ಪದ್ದನ್ನೇ ತರಬೇಕು. 1 ಮಿಲಿಮೀಟರ್ ಇದ್ದಲ್ಲಿ 1.5ರದ್ದು ಹಾಕಿದರೆ ಹೀಟ್‌ಸಿಂಕ್ ಆ ಅರ್ಧ ಮಿಲಿಮೀಟರ್ ಮೇಲೆದ್ದು ಪ್ರೊಸೆಸರನ್ನು ಮುಟ್ಟುವುದೇ ಇಲ್ಲ. ಪ್ಯಾಡ್ ಇದ್ದ ಜಾಗಕ್ಕೆ ಪೇಸ್ಟ್ ಬಳಿದರೂ ಅಷ್ಟು ಅಂತರ ತುಂಬದು.

ಇದನ್ನೆಲ್ಲ ಸ್ವತಃ ಮಾಡುವ ಧೈರ್ಯವಿಲ್ಲದಿದ್ದರೆ ಅಂಗಡಿಗೆ ಕೊಡಿ, ಅದರಲ್ಲಿ ಸಂಕೋಚವೇನಿಲ್ಲ. ಕೊಡುವ ಮೊದಲು ಪರೀಕ್ಷಾ ತಂತ್ರಾಂಶ ಓಡಿಸಿದಾಗಿನ ತಾಪವನ್ನು ಬರೆದಿಟ್ಟುಕೊಳ್ಳಿ. ಹಳೆಯ ಪೇಸ್ಟ್ ಒರೆಸಿ ಹೊಸದು ಹಾಕಿ ಎಂದು ಬಾಯಿಬಿಟ್ಟು ಹೇಳಿ. ವಾಪಸು ಪಡೆಯುವಾಗ ದುಡ್ಡು ಕೊಡುವ ಮೊದಲೇ ಅದೇ ತಂತ್ರಾಂಶವನ್ನು ಅವರ ಮೇಜಿನ ಮೇಲೆ ಹದಿನೈದು ನಿಮಿಷ ಓಡಿಸಿ, ಎರಡೂ ಅಂಕಿಗಳನ್ನು ಹೋಲಿಸಿ ನೋಡಿ.